ತುಕ್ಕು ಹಿಡಿದ ಗೋಡೆ ಮತ್ತು ಎಂಟುನೂರು ಹಾಜಿಗಳು

ಜೋಸೆಫ್ ಕಾನ್ರಾಡ್‌ನ 'ಲಾರ್ಡ್ ಜಿಮ್' ಕಾದಂಬರಿ ಪುಸ್ತಕವಾಗಿ ಬಂದದ್ದು 1900ರಲ್ಲಿ. ಇಂಗ್ಲಿಷ್ ಎಂ.ಎ. ಮಾಡಿದ ನಮ್ಮಲ್ಲಿ ಅನೇಕರು ಅದನ್ನು ಪಠ್ಯವಾಗಿ ಇಲ್ಲವೇ ಗೈಡಿನ ಸಾರಾಂಶವಾಗಿ ಬಲ್ಲರು. ತರಗತಿಯಲ್ಲಿ ಹೇಳಿಕೊಡುವ ಕಥೆ ಇಷ್ಟು: ಜಿಮ್ ಎಂಬ ಇಂಗ್ಲಿಷ್ ತರುಣ ನಾವಿಕ. ವೀರನಾಗಬೇಕೆಂಬುದು ಅವನ ಕನಸು. ಆದರೆ ಅಪಾಯದ ಒಂದು ಗಳಿಗೆಯಲ್ಲಿ ಆತ ಪ್ರಯಾಣಿಕರನ್ನು ಬಿಟ್ಟು ಹಡಗಿನಿಂದ ದೋಣಿಗೆ ಜಿಗಿದುಬಿಡುತ್ತಾನೆ. ಆ ಒಂದು ಜಿಗಿತದ ಅವಮಾನವನ್ನು ತೊಳೆದುಕೊಳ್ಳಲು ಊರೂರು ಅಲೆದು, ಕೊನೆಗೆ ಪ್ರಾಣವನ್ನೇ ಕೊಡುತ್ತಾನೆ. ಮಾನ, ಅಪರಾಧ, ಪ್ರಾಯಶ್ಚಿತ್ತ ಎಂಬ ಮೂರು ಪದಗಳ ಸುತ್ತ ಟಿಪ್ಪಣಿ ಬರೆದುಕೊಂಡರೆ ಪರೀಕ್ಷೆಗೆ ಸಾಕು.

ಆ ಹಡಗಿನಲ್ಲಿ ಇದ್ದವರು ಯಾರು? 'ಪಟ್ನಾ' ಎಂಬ ಆ ಹಡಗಿನ ತುಂಬ ಇದ್ದವರು ಹಜ್ ಯಾತ್ರೆಗೆ ಹೊರಟಿದ್ದ ಎಂಟುನೂರು ಮಂದಿ ಮುಸ್ಲಿಮರು. ಜಿಮ್ ಜಿಗಿದದ್ದು ಅವರನ್ನು ಬಿಟ್ಟು. ಅವರಲ್ಲಿ ಒಬ್ಬರಿಗೂ ಕಾದಂಬರಿಯಲ್ಲಿ ಹೇಳಿಕೊಳ್ಳುವಂಥ ಮಾತಿಲ್ಲ, ನೆನಪಿನಲ್ಲಿ ಉಳಿಯುವ ಹೆಸರಿಲ್ಲ. ಅವರು ಹಡಗು ಹತ್ತುತ್ತಾರೆ, ಮಲಗುತ್ತಾರೆ, ಬಳಿಕ ಕಥೆಯಿಂದ ಇಳಿದುಹೋಗುತ್ತಾರೆ.

ಆಫ್ರಿಕಾದ ಲೇಖಕ ಚಿನುವ ಅಚಿಬೆ 1975ರಲ್ಲಿ ಕಾನ್ರಾಡ್‌ನ ಇನ್ನೊಂದು ಕೃತಿಯ ಬಗ್ಗೆ ಇಂಥದೇ ಆಕ್ಷೇಪ ಎತ್ತಿ ದೊಡ್ಡ ಚರ್ಚೆಗೆ ಕಾರಣನಾದ. ಅದೇ ಮಾತನ್ನು ಇಲ್ಲಿ ಹಾಜಿಗಳ ಹೆಸರಿನಲ್ಲಿ ಮತ್ತೊಮ್ಮೆ ಹೇಳುವುದು ನನ್ನ ಉದ್ದೇಶವಲ್ಲ. ನನ್ನ ಪ್ರಶ್ನೆ ಇನ್ನೂ ಸಣ್ಣದು. ಅಷ್ಟು ತುಕ್ಕು ಹಿಡಿದ ಹಡಗಿಗೆ ಅಷ್ಟು ಜನರನ್ನು ಹತ್ತಿಸಲು ಅನುಮತಿ ಕೊಟ್ಟವರು ಯಾರು?

ನಿಜದಲ್ಲಿ ನಡೆದದ್ದು

ಪಟ್ನಾದ ಕಥೆ ಕಟ್ಟುಕಥೆಯಲ್ಲ. 1880ರ ಜುಲೈನಲ್ಲಿ 'ಜಿದ್ದಾ' ಎಂಬ ಉಗಿ ಹಡಗು ಸಿಂಗಾಪುರದಿಂದ ಹೊರಟು, ಪಿನಾಂಗ್‌ನಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು, ಜಿದ್ದಾ ಬಂದರಿನ ಕಡೆ ಸಾಗಿತು. ಅದು 1872ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಹಜ್ ಯಾತ್ರೆಗೆಂದೇ ಕಟ್ಟಿದ ಹಡಗು. ಬಾವುಟ ಬ್ರಿಟಿಷರದು, ನಾವಿಕಾಧಿಕಾರಿಗಳು ಬ್ರಿಟಿಷರು. ಅದರಲ್ಲಿದ್ದ ಯಾತ್ರಿಕರು ಎಷ್ಟು? 953 ಎಂಬ ಲೆಕ್ಕವೂ ಇದೆ, 992 ಎಂಬ ಲೆಕ್ಕವೂ ಇದೆ. ಸುಮಾರು ನಲವತ್ತು ಜನರ ವ್ಯತ್ಯಾಸ! ಸರಕಿನ ಲೆಕ್ಕದಲ್ಲಿ ಇಷ್ಟು ವ್ಯತ್ಯಾಸ ಬಂದಿದ್ದರೆ ವ್ಯಾಪಾರಿ ಸುಮ್ಮನಿರುತ್ತಿದ್ದನೇ?

ಆಗಸ್ಟ್ ಮೊದಲ ವಾರ ಭಾರೀ ಬಿರುಗಾಳಿ. ಬಾಯ್ಲರುಗಳು ತಮ್ಮ ನೆಲೆಯಿಂದ ಕದಲಿದವು, ಹಡಗು ಸೋರತೊಡಗಿತು. ಯಾತ್ರಿಕರು ಪಂಪು ಹೊಡೆದರು, ಬಕೆಟ್‌ಗಳಲ್ಲಿ ನೀರೆತ್ತಿ ಹೊರಗೆ ಚೆಲ್ಲಿದರು. ಆಗಸ್ಟ್ 8ರ ಕತ್ತಲಲ್ಲಿ, ಆಫ್ರಿಕಾದ ಗಾರ್ಡಾಫುಯಿ ಭೂಶಿರದ ಸಮೀಪ, ಕ್ಯಾಪ್ಟನ್ ತನ್ನ ಹೆಂಡತಿ ಮತ್ತು ಮುಖ್ಯ ಅಧಿಕಾರಿಗಳೊಂದಿಗೆ ದೋಣಿ ಇಳಿಸಿ ಹೊರಟುಹೋದ. 'ಸಿಂಡಿಯಾ' ಎಂಬ ಹಡಗು ಅವರನ್ನು ಎತ್ತಿಕೊಂಡು ಏಡನ್ನಿಗೆ ತಲುಪಿಸಿತು. ಹಡಗು ಮುಳುಗಿತು, ಯಾತ್ರಿಕರೆಲ್ಲ ಸತ್ತರು ಎಂದು ಅವರು ವರದಿ ಮಾಡಿದರು. ಸುದ್ದಿ ತಂತಿಯ ಮೂಲಕ ಲಂಡನ್ ತಲುಪಿತು. ಮರುದಿನ 'ಆಂಟೆನರ್' ಎಂಬ ಇನ್ನೊಂದು ಹಡಗು ಜಿದ್ದಾವನ್ನು ಎಳೆದುಕೊಂಡು ಅದೇ ಏಡನ್ನಿಗೆ ಬಂತು. ಸತ್ತರೆಂದು ಬರೆಸಿದ್ದ ನೂರಾರು ಜನ ಜೀವಂತವಾಗಿ ಡೆಕ್ಕಿನ ಮೇಲೆ ನಿಂತಿದ್ದರು.

ವಿಚಾರಣೆ ಏಡನ್ನಿನಲ್ಲೇ ನಡೆಯಿತು. ಕ್ಯಾಪ್ಟನ್‌ನ ಅರ್ಹತಾಪತ್ರವನ್ನು ಮೂರು ವರ್ಷ ಅಮಾನತಿನಲ್ಲಿಟ್ಟರು. ಮೊದಲ ಮೇಟ್ ಆಗಿದ್ದವನು ಮುಂದೆ ಸಿಂಗಾಪುರದಲ್ಲಿ ಹಡಗು ಸಾಮಾನಿನ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಿ ಬದುಕಿದ. ಕಾನ್ರಾಡ್‌ನ ಜಿಮ್ ರೂಪುಗೊಂಡದ್ದು ಅವನಿಂದ.

ಕಾದಂಬರಿಕಾರ ನಿಜ ಘಟನೆಯನ್ನು ಬದಲಿಸಬಹುದು, ಅದು ಅವನ ಹಕ್ಕು. ಆದರೆ ಏನನ್ನು ಬದಲಿಸಿದ ಎಂಬುದನ್ನು ನೋಡುವುದು ವಿಮರ್ಶೆಯ ಹಕ್ಕು. ನಿಜದ ಹಡಗಿನಲ್ಲಿ ಯಾತ್ರಿಕರು ಎಚ್ಚರವಾಗಿದ್ದರು. ದಿನಗಟ್ಟಲೆ ನೀರೆತ್ತಿದ್ದರು. ಅಧಿಕಾರಿಗಳು ದೋಣಿ ಇಳಿಸುವುದನ್ನು ಕಂಡು ತಡೆಯಲು ಹೋಗಿ ಜಗಳಾಡಿದ್ದರು. ಕಾದಂಬರಿಯ ಹಡಗಿನಲ್ಲಿ ಸಮುದ್ರ ಶಾಂತವಾಗಿದೆ, ಯಾತ್ರಿಕರು ನಿದ್ರಿಸುತ್ತಿದ್ದಾರೆ. ನಿದ್ದೆಯಲ್ಲಿದ್ದವರನ್ನು ಬಿಟ್ಟು ಓಡಿದ ಎಂದರೆ ಜಿಮ್‌ನ ತಪ್ಪು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ, ಅವನ ಸಂಕಟಕ್ಕೆ ಆಳ ಬರುತ್ತದೆ. ಅದಕ್ಕೆ ತೆತ್ತ ಬೆಲೆ ಮಾತ್ರ ಹಾಜಿಗಳದು. ತಮ್ಮ ಪ್ರಾಣಕ್ಕಾಗಿ ಕೈಯಾರೆ ಹೋರಾಡಿದವರು ಪುಸ್ತಕದಲ್ಲಿ ಮಲಗಿದ ಗುಂಪಾಗಿಬಿಟ್ಟರು.

ಸುತ್ತಿಗೆಯ ಸದ್ದು

ಆದರೆ ಕಾನ್ರಾಡ್ ಸ್ವತಃ ನಾವಿಕನಾಗಿದ್ದವನು. ಕಬ್ಬಿಣ ಸುಳ್ಳು ಹೇಳುವುದಿಲ್ಲ ಎಂದು ಬಲ್ಲವನು. ಪಟ್ನಾ ಎಷ್ಟು ತುಕ್ಕು ತಿಂದ ಹಡಗು, ಹೊರಗೆ ಬಣ್ಣ ಒಳಗೆ ಸುಣ್ಣ ಬಳಿದು ಅದನ್ನು ಹೇಗೆ ಯಾತ್ರೆಗೆ ಸಿದ್ಧ ಮಾಡಿದರು ಎಂಬುದನ್ನು ಆತ ಮುಚ್ಚಿಡುವುದಿಲ್ಲ. ರಾತ್ರಿ ನೀರಿನಡಿಯ ಯಾವುದೋ ವಸ್ತುವಿಗೆ ಹಡಗು ತಾಗಿದಾಗ ಜಿಮ್ ಕೆಳಗಿಳಿದು ನೋಡುತ್ತಾನೆ. ಮುಂಭಾಗದ ಅಡ್ಡಗೋಡೆ ನೀರಿನ ಒತ್ತಡಕ್ಕೆ ಉಬ್ಬುತ್ತಿದೆ, ಅದರಿಂದ ತುಕ್ಕಿನ ಚಕ್ಕೆ ಕಳಚಿ ಬೀಳುತ್ತದೆ. ಎಂಟುನೂರು ಜನರಿಗೆ ಇರುವುದು ಏಳು ದೋಣಿ. ಇಡೀ ಕಾದಂಬರಿ ನಿಂತಿರುವುದು ಆ ಗೋಡೆಯ ಮೇಲೆ ಮತ್ತು ಆ ಲೆಕ್ಕದ ಮೇಲೆ.

ಮುಂದೆ ವಿಚಾರಣೆ. ಕಥೆ ಹೇಳುವ ಮಾರ್ಲೋಗೆ ಈ ವಿಚಾರಣೆಯ ಬಗ್ಗೆ ಗೌರವವಿಲ್ಲ. ನ್ಯಾಯಾಲಯ ಬರೀ 'ಹೇಗೆ' ಎಂದು ಕೇಳುತ್ತದೆ, 'ಏಕೆ' ಎಂದು ಕೇಳುವುದಿಲ್ಲ ಎಂಬುದು ಅವನ ದೂರು. ಒಳಗೇನಿದೆ ಎಂದು ತಿಳಿಯಲು ಕಬ್ಬಿಣದ ಪೆಟ್ಟಿಗೆಯನ್ನು ಹೊರಗಿನಿಂದ ಸುತ್ತಿಗೆಯಲ್ಲಿ ಕುಟ್ಟುವ ಕೆಲಸಕ್ಕೆ ಅದನ್ನು ಹೋಲಿಸುತ್ತಾನೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಓದುಗರು ಈ ಮಾತಿಗೆ ತಲೆದೂಗುತ್ತ ಬಂದಿದ್ದಾರೆ. ಮನುಷ್ಯನ ಅಂತರಂಗವನ್ನು ಕಾನೂನು ಮುಟ್ಟಲಾರದು, ಕಲೆ ಮುಟ್ಟುತ್ತದೆ ಎಂಬ ತೀರ್ಮಾನಕ್ಕೂ ಬಂದಿದ್ದಾರೆ.

ಆದರೆ ಒಮ್ಮೆ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದವನ ಜಾಗದಲ್ಲಿ ನಿಂತು ಯೋಚಿಸಿ. ಅವನ ಪ್ರಾಣ ಇದ್ದದ್ದು ಜಿಮ್‌ನ ಅಂತರಂಗದಲ್ಲಲ್ಲ, ಆ ಕಬ್ಬಿಣದಲ್ಲಿ. ಸುತ್ತಿಗೆಯಲ್ಲಿ ಕುಟ್ಟಿ ನೋಡುವುದೇ ಹಡಗು ತಪಾಸಣೆಯ ಮೊದಲ ಪಾಠ. ಗಟ್ಟಿ ತಗಡು ಒಂದು ಬಗೆಯ ಸದ್ದು ಕೊಡುತ್ತದೆ, ತುಕ್ಕು ತಿಂದ ತಗಡು ಇನ್ನೊಂದು ಬಗೆಯ ಸದ್ದು ಕೊಡುತ್ತದೆ. ಯಾತ್ರೆಗೆ ಮುನ್ನ ಯಾರಾದರೂ ಪ್ರಾಮಾಣಿಕವಾಗಿ ಆ ಗೋಡೆಯನ್ನು ಕುಟ್ಟಿ ನೋಡಿದ್ದರೆ ಪಟ್ನಾ ಬಂದರು ಬಿಡುತ್ತಲೇ ಇರಲಿಲ್ಲ. ಮಾರ್ಲೋ ನಿಕೃಷ್ಟವೆಂದು ಬಗೆದ ಸುತ್ತಿಗೆಯೇ ಹಾಜಿಗಳಿಗೆ ಬೇಕಾಗಿದ್ದುದು.

ಇನ್ನೊಂದು ಸಂಗತಿಯನ್ನು ಹೆಚ್ಚಿನ ಓದುಗರು ಗಮನಿಸುವುದಿಲ್ಲ. ಕಾದಂಬರಿಯ ತೀರ್ಪಿನಲ್ಲಿ ನ್ಯಾಯಾಲಯ ಎತ್ತಿಕೊಳ್ಳುವ ಮೊದಲ ಪ್ರಶ್ನೆಯೇ ಆ ಹಡಗು ಯಾತ್ರೆಗೆ ಯೋಗ್ಯವಾಗಿತ್ತೇ ಎಂಬುದು. ಯೋಗ್ಯವಾಗಿರಲಿಲ್ಲ ಎಂದು ಅದು ಹೇಳುತ್ತದೆ. ಇಡೀ ಪುಸ್ತಕದಲ್ಲಿ ಹಾಜಿಗಳ ಪರವಾಗಿ ನುಡಿದ ನ್ಯಾಯದ ಮಾತು ಅದೊಂದೇ. ಅದು ಬಂದದ್ದು ಮಾರ್ಲೋ ಕಡೆಗಣಿಸಿದ ಅದೇ ನ್ಯಾಯಾಲಯದಿಂದ. ಆದರೆ ಶಿಕ್ಷೆ ಯಾರಿಗೆ? ಕ್ಯಾಪ್ಟನ್‌ನ ಮತ್ತು ಜಿಮ್‌ನ ಅರ್ಹತಾಪತ್ರಗಳು ರದ್ದಾಗುತ್ತವೆ. ಹಡಗಿನ ಮಾಲಿಕ, ಅದನ್ನು ಬಾಡಿಗೆಗೆ ಹಿಡಿದವನು, ಅದಕ್ಕೆ ಪರವಾನಗಿ ಕೊಟ್ಟವನು ಇವರಾರೂ ಕಟಕಟೆಗೆ ಬರುವುದಿಲ್ಲ. ಮಾರ್ಲೋ ಮುಂದಿನ ಕಥೆಗೆ ಹೊರಡುತ್ತಾನೆ, ನಾವೂ ಅವನ ಹಿಂದೆ ಹೊರಡುತ್ತೇವೆ.

ನಿಯಮದ ಎರಡು ಅಳತೆ

ಆ ಕಾಲದ ಕಾನೂನು ಹೇಗಿತ್ತು? ಬ್ರಿಟಿಷ್ ಕಾನೂನಿನಲ್ಲಿ ಹಡಗೊಂದಕ್ಕೆ ಎಷ್ಟು ಜೀವರಕ್ಷಕ ದೋಣಿ ಬೇಕು ಎಂಬುದನ್ನು ಹಡಗಿನ ಟನ್ ಲೆಕ್ಕದಲ್ಲಿ ನಿರ್ಧರಿಸುತ್ತಿದ್ದರು, ತಲೆಯ ಲೆಕ್ಕದಲ್ಲಿ ಅಲ್ಲ. ಈ ಲೆಕ್ಕದ ಹುಚ್ಚು ಜಗತ್ತಿಗೆ ಗೊತ್ತಾದದ್ದು 1912ರಲ್ಲಿ, ಟೈಟಾನಿಕ್ ಮುಳುಗಿದಾಗ. ನಿಯಮದ ಪಟ್ಟಿ 10,000 ಟನ್ನಿಗೆ ನಿಂತುಹೋಗಿತ್ತು, ಟೈಟಾನಿಕ್ 46,000 ಟನ್ನು ಮೀರಿತ್ತು. ನಿಯಮದ ಪ್ರಕಾರ 16 ದೋಣಿ ಸಾಕಿತ್ತು, ಅದರಲ್ಲಿ 20 ಇದ್ದವು. ಅವುಗಳಲ್ಲಿ 1,178 ಮಂದಿಗೆ ಜಾಗ, ಹಡಗಿನಲ್ಲಿ ಸುಮಾರು 2,200 ಮಂದಿ. ಸತ್ತವರು ಸುಮಾರು 1,500. ಟೈಟಾನಿಕ್ ನಿಯಮ ಮುರಿದು ಮುಳುಗಿದ ಹಡಗಲ್ಲ, ನಿಯಮ ಪಾಲಿಸಿ ಮುಳುಗಿದ ಹಡಗು.

ಆಗ ಕಾನ್ರಾಡ್ ಸುಮ್ಮನಿರಲಿಲ್ಲ. ಅದೇ ವರ್ಷ ಪತ್ರಿಕೆಯಲ್ಲಿ ಲೇಖನ ಬರೆದು ಹಡಗು ಕಂಪೆನಿಗಳ ಆಡಂಬರವನ್ನೂ ನಿಯಮ ಮಾಡುವ ಸರಕಾರಿ ಮಂಡಳಿಯನ್ನೂ ತರಾಟೆಗೆ ತೆಗೆದುಕೊಂಡ. 1900ರಲ್ಲಿ ಹಾಜಿಗಳ ಹಡಗಿನ ಬಗ್ಗೆ ಕೇಳದೆ ಬಿಟ್ಟ ಪ್ರಶ್ನೆಯನ್ನು 1912ರಲ್ಲಿ ಅಟ್ಲಾಂಟಿಕ್ ಹಡಗಿನ ಬಗ್ಗೆ ಕೇಳಿದ. ಇದರಲ್ಲಿ ದ್ವೇಷ ಹುಡುಕಬೇಕಾಗಿಲ್ಲ. ಯಾರ ಸಾವು ನಮಗೆ ಆಡಳಿತದ ತಪ್ಪಾಗಿ ಕಾಣುತ್ತದೆ, ಯಾರ ಸಾವು ಬೇರೊಬ್ಬರ ಕಥೆಗೆ ಹಿನ್ನೆಲೆಯಾಗುತ್ತದೆ ಎಂಬುದು ಒಳ್ಳೆಯ ಲೇಖಕನಿಗೂ ತಿಳಿಯದಂತೆ ನಡೆಯುವ ಆಯ್ಕೆ. ಆ ಆಯ್ಕೆ ನಮ್ಮಲ್ಲೂ ನಡೆಯುತ್ತದೆ.

ಟೈಟಾನಿಕ್ ದುರಂತದ ಬಳಿಕ, 1914ರಲ್ಲಿ ಲಂಡನ್ನಿನಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಡಂಬಡಿಕೆ ಸಿದ್ಧವಾಯಿತು. ಯುದ್ಧ ಬಂದು ಅದು ಜಾರಿಯಾಗಲಿಲ್ಲ. 1929ರಲ್ಲಿ ಎರಡನೆಯದು ಬಂತು. ಅದರಲ್ಲಿ ಒಂದು ವಿನಾಯಿತಿಯ ಬಾಗಿಲು ತೆರೆದಿಟ್ಟರು. ಮಲಗಲು ಬರ್ತ್ ಇಲ್ಲದ ಪ್ರಯಾಣಿಕರನ್ನು ಭಾರೀ ಸಂಖ್ಯೆಯಲ್ಲಿ ಒಯ್ಯುವ ಹಡಗುಗಳಿಗೆ ನಿಯಮ ಸಡಿಲಿಸಬಹುದು ಎಂದರು. ಉದಾಹರಣೆಗೆ ಕೊಟ್ಟದ್ದು ಯಾತ್ರಿಕರ ಹಡಗುಗಳನ್ನು. ಅವುಗಳಿಗೆಂದು ಪ್ರತ್ಯೇಕ ನಿಯಮಗಳು ರೂಪುಗೊಂಡದ್ದು ನಮ್ಮ ನೆಲದಲ್ಲೇ, 1931ರ 'ಸಿಮ್ಲಾ ನಿಯಮ'ಗಳಾಗಿ. ಅದಕ್ಕೂ ಮೊದಲು 1887ರಲ್ಲಿ ದೇಶೀ ಪ್ರಯಾಣಿಕ ಹಡಗುಗಳ ಕಾಯ್ದೆ, 1895ರಲ್ಲಿ ಯಾತ್ರಿಕರ ಹಡಗುಗಳ ಕಾಯ್ದೆ ಬಂದಿದ್ದವು. ಕಾನೂನು ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕಾನೂನು ಇತ್ತು, ಅಳತೆ ಎರಡಿತ್ತು. ಎಲ್ಲರಿಗೂ ಪೂರ್ಣ ರಕ್ಷಣೆ ಕೊಟ್ಟರೆ ಬಡವರ ಟಿಕೆಟ್ ದುಬಾರಿಯಾಗುತ್ತದೆ ಎಂಬುದು ಈ ಎರಡನೆಯ ಅಳತೆಯ ಹಿಂದಿನ ವಾದ. ಬಡವರ ಹೆಸರಿನಲ್ಲೇ ಬಡವರ ಸುರಕ್ಷತೆಯನ್ನು ಕಡಿಮೆ ಮಾಡುವ ಈ ಜಾಣತನ ಇಂದಿಗೂ ಹಳತಾಗಿಲ್ಲ. ಸಿಮ್ಲಾ ನಿಯಮಗಳ ಜಾಗಕ್ಕೆ ಹೊಸ ಒಪ್ಪಂದ ಬಂದದ್ದು 1971ರಲ್ಲಿ. ಮುಂಬಯಿಯಿಂದ ಜಿದ್ದಾಕ್ಕೆ ಹಾಜಿಗಳ ಹಡಗು ನಿಂತದ್ದು 1995ರಲ್ಲಿ. ನಮ್ಮ ಹಿರಿಯರು ಮನೆ ಮನೆಗೆ ಹೋಗಿ ತಪ್ಪು ಒಪ್ಪು ಮನ್ನಿಸಿ ಎಂದು ಕೇಳಿಕೊಂಡು ಹಡಗು ಹತ್ತುತ್ತಿದ್ದರು. ಮರಳಿ ಬರುವ ಖಾತ್ರಿ ಇಲ್ಲದವರು ಆಡುವ ಮಾತು ಅದು.

ನಮ್ಮವರೇ ಮಾಲಿಕರಾದಾಗ

ಇಷ್ಟನ್ನು ಓದಿ ಇದು ಬಿಳಿಯರ ಮೇಲಿನ ದೂರು ಎಂದು ಯಾರಾದರೂ ತಿಳಿದರೆ ಅರ್ಧ ಸತ್ಯ ಮಾತ್ರ ದಕ್ಕುತ್ತದೆ. ಜಿದ್ದಾ ಹಡಗಿನ ಅಧಿಕಾರಿಗಳು ಬ್ರಿಟಿಷರು ನಿಜ. ಆದರೆ ಅದರ ಒಡೆತನ ಸಿಂಗಾಪುರದ ಅಲ್‌ಸಗಾಫ್ ಎಂಬ ಅರಬ್ ವ್ಯಾಪಾರಿ ಮನೆತನದ್ದು. ಹಾಜಿಗಳನ್ನು ಒಯ್ಯುವುದು ಅವರಿಗೆ ವ್ಯಾಪಾರ.

2006ರ ಫೆಬ್ರವರಿ 2ರ ಸಂಜೆ ಸೌದಿಯ ದುಬಾ ಬಂದರಿನಿಂದ ಈಜಿಪ್ಟಿನ ಸಫಾಗಾಕ್ಕೆ 'ಅಲ್ ಸಲಾಮ್ ಬೊಕ್ಕಾಚಿಯೊ 98' ಎಂಬ ಹಡಗು ಹೊರಟಿತು. ಅದರಲ್ಲಿ ಸುಮಾರು 1,400 ಮಂದಿ ಇದ್ದರು. ಹೆಚ್ಚಿನವರು ಗಲ್ಫಿನಲ್ಲಿ ದುಡಿದು ಊರಿಗೆ ಮರಳುತ್ತಿದ್ದ ಕೂಲಿಗಳು, ಜೊತೆಗೆ ಹಜ್ ಮುಗಿಸಿದವರು. ಹಡಗು 1970ರಲ್ಲಿ ಇಟಲಿಯಲ್ಲಿ ಕಟ್ಟಿದ್ದು. ಹೆಚ್ಚು ಜನ ಹಿಡಿಸಲೆಂದು ಆಮೇಲೆ ಅದರ ಮೇಲೆ ಅಂತಸ್ತುಗಳನ್ನು ಏರಿಸಿದ್ದರು. ಬಾವುಟ ಪನಾಮಾದ್ದು. ಹೊರಟ ಕೆಲವೇ ಹೊತ್ತಿನಲ್ಲಿ ವಾಹನಗಳ ಅಂತಸ್ತಿನಲ್ಲಿ ಬೆಂಕಿ ಬಿತ್ತು. ಕ್ಯಾಪ್ಟನ್ ಹಿಂತಿರುಗಲಿಲ್ಲ. ಬೆಂಕಿ ಆರಿಸಲು ಸುರಿದ ನೀರು ಹೊರಹೋಗದೆ ಒಳಗೇ ತುಂಬಿತು. ಅಗಲವಾದ ಅಂತಸ್ತಿನಲ್ಲಿ ನಿಂತ ನೀರು ಹಡಗು ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ತಟ್ಟೆಯಲ್ಲಿ ಸಾರು ಹಿಡಿದು ನಡೆದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಹಡಗು ಮಗುಚಿತು. ಸಾವಿರಕ್ಕೂ ಹೆಚ್ಚು ಮಂದಿ ಕೆಂಪು ಸಮುದ್ರದ ಪಾಲಾದರು.

ಹಡಗಿನ ಮಾಲಿಕ ಈಜಿಪ್ಟ್ ಸಂಸತ್ತಿನ ಮೇಲ್ಮನೆಯ ಸದಸ್ಯ. 2008ರಲ್ಲಿ ಆತನನ್ನು ನ್ಯಾಯಾಲಯ ಖುಲಾಸೆ ಮಾಡಿತು. ಜನರ ಆಕ್ರೋಶದ ಬಳಿಕ, 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿತು. ಆ ಹೊತ್ತಿಗೆ ಆತ ದೇಶದಲ್ಲಿರಲಿಲ್ಲ. ಹಡಗಿನ ಹೆಸರಿನಲ್ಲಿ 'ಸಲಾಮ್' ಇದ್ದ ಮಾತ್ರಕ್ಕೆ ಒಳಗಿದ್ದವರಿಗೆ ಶಾಂತಿ ಸಿಗುವುದಿಲ್ಲ.

ಈ ಪ್ರಕರಣ ಅಲ್ಲಿಗೆ ನಿಲ್ಲಲಿಲ್ಲ, ಅದೇ ಅದರ ಮಹತ್ವ. ಬದುಕುಳಿದವರು ಮತ್ತು ಸತ್ತವರ ಮನೆಯವರು ಇಟಲಿಯ ಜಿನೋವಾ ನಗರದಲ್ಲಿ ಹೊಸ ದಾವೆ ಹೂಡಿದರು. ಹೂಡಿದ್ದು ಹಡಗನ್ನು ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಟ್ಟ ಇಟಲಿಯ 'ರಿನಾ' ಸಂಸ್ಥೆಯ ಮೇಲೆ. ಸರಕಾರಗಳು ತಮ್ಮ ಬಾವುಟದ ಹಡಗುಗಳ ತಪಾಸಣೆಯನ್ನು ಇಂಥ ಖಾಸಗಿ ಸಂಸ್ಥೆಗಳಿಗೆ ವಹಿಸುತ್ತವೆ, ತಪಾಸಣೆಯ ಖರ್ಚನ್ನು ಹಡಗಿನ ಮಾಲಿಕನೇ ಭರಿಸುತ್ತಾನೆ. ತಾನು ಪನಾಮಾ ಸರಕಾರದ ಪರವಾಗಿ ಕೆಲಸ ಮಾಡಿದ್ದೇನೆ, ಆದ್ದರಿಂದ ತನ್ನನ್ನು ಕೋರ್ಟಿಗೆ ಎಳೆಯುವಂತಿಲ್ಲ ಎಂದು ಸಂಸ್ಥೆ ವಾದಿಸಿತು. 2020ರ ಮೇ 7ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು: ತಪಾಸಣೆಯ ಕೆಲಸ ಸರಕಾರದ ಪರಮಾಧಿಕಾರದ ಚಲಾವಣೆ ಅಲ್ಲದಿದ್ದರೆ ಅದಕ್ಕೆ ಆ ರಕ್ಷಣೆ ಇಲ್ಲ, ದಾವೆ ನಡೆಯಬಹುದು. ಸಂಸ್ಥೆ ತಪ್ಪು ಮಾಡಿದೆ ಎಂದು ಈ ತೀರ್ಪು ಹೇಳಿಲ್ಲ. ಆದರೆ ಸರ್ಟಿಫಿಕೇಟಿಗೆ ಸಹಿ ಹಾಕುವ ಕೈಯನ್ನೂ ಪ್ರಶ್ನಿಸಬಹುದು ಎಂದು ಹೇಳಿದೆ. 1880ರಲ್ಲಿ ಏಡನ್ನಿನ ವಿಚಾರಣೆ ನಡೆದು 140 ವರ್ಷಗಳಾದ ಮೇಲೆ, ಕಾದಂಬರಿ ಬಿಟ್ಟುಹೋದ ಪ್ರಶ್ನೆಯನ್ನು ಕೂಲಿಗಳ ವಿಧವೆಯರೂ ಮಕ್ಕಳೂ ಕೈಗೆತ್ತಿಕೊಂಡರು.

ಕುರುಮಗಡ, ತಾನೂರು

ಇದೆಲ್ಲ ದೂರದ ಸಮುದ್ರದ ಮಾತೇ? 2019ರ ಜನವರಿ 21ರಂದು ಕಾರವಾರದ ಕುರುಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದು ಕುಟುಂಬಕ್ಕೆ ಕುಟುಂಬವೇ ಅದರಲ್ಲಿತ್ತು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು, ಲೈಫ್ ಜಾಕೆಟ್ ತೊಟ್ಟಿರಲಿಲ್ಲ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ಸತ್ತರು. ಹೆಚ್ಚಿನವರು ಮಕ್ಕಳು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಅಂತಸ್ತು ಏರಿಸಿದ ದೋಣಿ. ಒಂದು ಕಡೆ ಜಾತ್ರೆಗೆ ಹೋದವರು, ಇನ್ನೊಂದು ಕಡೆ ರಜೆಯ ಸಂಜೆ ಮಕ್ಕಳನ್ನು ಕರೆದುಕೊಂಡು ಹೋದವರು. ನೀರು ಯಾರ ಧರ್ಮವನ್ನೂ ಕೇಳಲಿಲ್ಲ. ದೋಣಿಯ ಯೋಗ್ಯತೆಯನ್ನೂ ಹೊರಡುವ ಮುನ್ನ ಯಾರೂ ಕೇಳಲಿಲ್ಲ.

ನೆರೆಯ ಕೇರಳದಲ್ಲಿ ಇದು ಮೊದಲಲ್ಲ. 2002ರಲ್ಲಿ ಕುಮರಕಂನಲ್ಲಿ 29 ಮಂದಿ, 2007ರಲ್ಲಿ ತಟ್ಟೇಕಾಡಿನಲ್ಲಿ ಶಾಲಾ ಮಕ್ಕಳೂ ಶಿಕ್ಷಕರೂ ಸೇರಿ 18 ಮಂದಿ, 2009ರಲ್ಲಿ ತೇಕಡಿಯಲ್ಲಿ 45 ಮಂದಿ ಸತ್ತಿದ್ದರು. ಪ್ರತಿ ಬಾರಿಯೂ ಒಬ್ಬ ನ್ಯಾಯಮೂರ್ತಿಯ ಆಯೋಗ, ಒಂದು ವರದಿ. ದೋಣಿಯ ಮೇಲ್ಭಾಗ ಭಾರವಾದರೆ, ಜನ ಒಂದೇ ಬದಿಗೆ ಸರಿದರೆ ಅದು ಮಗುಚುತ್ತದೆ ಎಂಬುದು ಯಾವ ಆಯೋಗವೂ ಹೊಸದಾಗಿ ಕಂಡುಹಿಡಿಯಬೇಕಾದ ಸಂಗತಿಯಲ್ಲ. ದೋಣಿಯಲ್ಲಿ ತೂಕವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿ, ಎಷ್ಟು ವಾಲುತ್ತದೆ ಎಂದು ಅಳೆದು ನೋಡುವ ಪರೀಕ್ಷೆ ಇದೆ. ಬಂದರಿನಲ್ಲೇ ಮಾಡಬಹುದಾದ ಪರೀಕ್ಷೆ. 1917ರ ಹಳೆಯ ಕಾಯ್ದೆಯ ಬದಲಿಗೆ 2021ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಒಳನಾಡು ನೌಕೆಗಳ ಕಾಯ್ದೆಯೂ ಬಂದಿದೆ. ನೋಂದಣಿ, ತಪಾಸಣೆ, ವಿಮೆ ಎಲ್ಲವನ್ನೂ ಅದು ಹೇಳುತ್ತದೆ. ತಾನೂರಿನ ದೋಣಿ ಮಗುಚಿದ್ದು ಆ ಕಾಯ್ದೆ ಬಂದ ಮೇಲೆ.

ತಾನೂರಿನಲ್ಲಿ ಒಂದು ವ್ಯತ್ಯಾಸ ಕಂಡಿತು. ಮಾಲಿಕ ಮತ್ತು ಚಾಲಕನ ಜೊತೆಗೆ ಬಂದರು ಇಲಾಖೆಯ ಇಬ್ಬರು ಅಧಿಕಾರಿಗಳನ್ನೂ ಪೊಲೀಸರು ಬಂಧಿಸಿದರು. ಆರೋಪ ಸಾಬೀತಾಗುವುದು ಬಿಡುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ತಪ್ಪನ್ನು ಚಾಲಕನ ತಲೆಗೆ ಕಟ್ಟಿ ಕಡತ ಮುಚ್ಚುವ ಹಳೆಯ ರೂಢಿಗೆ ಇದು ಸಣ್ಣ ಬಿರುಕು.

ದುರಂತವಾದಾಗ ನಾವು 'ವಿಧಿ' ಎನ್ನುತ್ತೇವೆ. ದುಃಖಿತರಿಗೆ ಆ ಮಾತು ಸಾಂತ್ವನ ಕೊಡುತ್ತದೆ, ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಅದೇ ಮಾತನ್ನು ಮಾಲಿಕನೂ ಅಧಿಕಾರಿಯೂ ಆಡಿದರೆ ಅದು ಸಾಂತ್ವನವಲ್ಲ, ತಲೆತಪ್ಪಿಸಿಕೊಳ್ಳುವ ದಾರಿ. ದೇವರ ಮೇಲೆ ಭರವಸೆ ಇಡುವ ಮೊದಲು ಒಂಟೆಯನ್ನು ಕಟ್ಟಿಹಾಕಬೇಕೆಂಬ ಪ್ರವಾದಿಯ ಉಪದೇಶವನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ದೋಣಿಯ ತಪಾಸಣೆ ಎಂದರೆ ಅದೇ ಹಗ್ಗ.

'ಲಾರ್ಡ್ ಜಿಮ್' ದೊಡ್ಡ ಕಾದಂಬರಿ, ಅದನ್ನು ಓದಬಾರದು ಎಂದು ನಾನು ಹೇಳುವುದಿಲ್ಲ. ಜಿಮ್‌ನ ನಾಚಿಕೆ ನಿಜವಾದದ್ದು. ಕರ್ತವ್ಯ ಬಿಟ್ಟು ಓಡಿದವನು ನಾಚಿಕೆಪಡುವುದೂ ಅಪರೂಪವಾಗಿರುವ ಈ ಕಾಲದಲ್ಲಿ ಅವನಿಂದ ಕಲಿಯುವುದಿದೆ. ಆದರೆ ಮುಂದಿನ ಸಲ ಓದುವಾಗ ಆ ತುಕ್ಕು ಹಿಡಿದ ಗೋಡೆಯ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಜಿಮ್ ಜಿಗಿಯದೆ ಹಡಗಿನಲ್ಲೇ ಉಳಿದಿದ್ದರೂ ದೋಣಿಗಳು ಏಳೇ ಇರುತ್ತಿದ್ದವು, ಗೋಡೆ ಅಷ್ಟೇ ತೆಳ್ಳಗಿರುತ್ತಿತ್ತು. ಒಬ್ಬ ನಾವಿಕನ ಧೈರ್ಯವನ್ನು ನಂಬಿ ಎಂಟುನೂರು ಜನ ಸಮುದ್ರಕ್ಕಿಳಿಯಬೇಕಾದ ಸ್ಥಿತಿಯೇ ಮೊದಲ ಅಪರಾಧ, ಜಿಗಿತ ಎರಡನೆಯದು. ರಜೆಯ ದಿನ ಮಕ್ಕಳ ಕೈ ಹಿಡಿದು ದೋಣಿಯ ಹಲಗೆ ದಾಟುವಾಗ, ಇದರಲ್ಲಿ ಎಷ್ಟು ಜನಕ್ಕೆ ಅನುಮತಿ ಇದೆ, ಲೈಫ್ ಜಾಕೆಟ್ ಎಲ್ಲಿದೆ ಎಂದು ಒಮ್ಮೆ ಕೇಳಿ. ಉತ್ತರ ಬರದಿದ್ದರೆ ದಡದಲ್ಲೇ ಉಳಿಯಿರಿ. ಹಾಜಿಗಳಿಗೆ ಆ ಪ್ರಶ್ನೆ ಕೇಳುವ ಅವಕಾಶವಿರಲಿಲ್ಲ. ನಮಗಿದೆ.